ಸೇದುವವರ ವಸಡಿಗೆ ಚಿಕಿತ್ಸೆ ಯಾಕೆ ಸರಿಯಾಗಿ ನಾಟುವುದಿಲ್ಲ?

ಹಲ್ಲುಜ್ಜುವಾಗ ರಕ್ತ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಬೇಸಿನ್‌ನಲ್ಲಿ ಕೆಂಪು ಕಂಡ ಕೂಡಲೇ ವಸಡಿನಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ, ಇವತ್ತಲ್ಲ ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಆದರೆ ದಿನಾ ಸಿಗರೇಟು, ಬೀಡಿ ಸೇದುವವರಿಗೆ ಈ ಸೂಚನೆಯೇ ಸರಿಯಾಗಿ ಸಿಗುವುದಿಲ್ಲ. ಒಳಗೆ ಮೂಳೆ ಕರಗುತ್ತಿದ್ದರೂ ಮೇಲೆ ರಕ್ತ ಬರುವುದು ಕಡಿಮೆ, ಊತವೂ ಕಡಿಮೆ. "ನಂಗೆ ರಕ್ತ ಗಿಕ್ತ ಏನೂ ಬರಲ್ಲ ಡಾಕ್ಟ್ರೇ, ಈ ಕರೆ ಒಂದು ತೆಗೆದುಕೊಡಿ ಸಾಕು" ಅಂತ ಬಂದು ಕೂರುವವರ ಬಾಯಲ್ಲಿ ಎಷ್ಟೋ ಸಲ ಮೂರ್ನಾಲ್ಕು ಹಲ್ಲು ಆಗಲೇ ಅಲ್ಲಾಡುತ್ತಿರುತ್ತವೆ.

ಸೇದುವವರಲ್ಲಿ ರಕ್ತ ಬಾರದಿರುವುದಕ್ಕೂ ಅವರಿಗೆ ಕೊಟ್ಟ ಚಿಕಿತ್ಸೆ ಸರಿಯಾಗಿ ನಾಟದಿರುವುದಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ. ಇದು ಅರ್ಥವಾಗಿಬಿಟ್ಟರೆ "ಅಷ್ಟು ದುಡ್ಡು ಕೊಟ್ಟು ಡೀಪ್ ಕ್ಲೀನಿಂಗ್ ಮಾಡಿಸಿದೆ, ಆದ್ರೂ ಹಲ್ಲು ಉಳೀಲಿಲ್ಲ" ಅನ್ನುವ ಮಾತು ಯಾಕೆ ಇಷ್ಟು ಜಾಸ್ತಿ ಕೇಳಿಬರುತ್ತದೆ ಅನ್ನೋದೂ ಅರ್ಥವಾಗುತ್ತದೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಹಲ್ಲಿನ ಮೇಲೆ ದಿನಾ ಒಂದು ತೆಳು ಅಂಟು ಪದರ ಕೂರುತ್ತದೆ. ನಾಲಿಗೆ ಆಡಿಸಿದರೆ ಜಿಡ್ಡುಜಿಡ್ಡಾಗಿ ಸಿಗುತ್ತದಲ್ಲ, ಅದೇ ಪ್ಲಾಕ್. ಅದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡಿರುವ ಪದರ. ಉಜ್ಜಿ ತೆಗೆಯದಿದ್ದರೆ ಎಂಜಲಿನಲ್ಲಿರುವ ಖನಿಜ ಸೇರಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೆ ನಾವು ಗಾರೆ ಅನ್ನುತ್ತೇವೆ, ಡಾಕ್ಟರು ಕ್ಯಾಲ್ಕುಲಸ್ ಅನ್ನುತ್ತಾರೆ. ಇದಕ್ಕೆ ವಸಡು ಕೆಂಪಗಾಗಿ, ಊದಿಕೊಂಡು, ರಕ್ತ ಸುರಿಸುವ ಹಂತ ಜಿಂಜಿವೈಟಿಸ್. ಇಲ್ಲಿವರೆಗೆ ಪೂರ್ತಿ ಹಿಂದಕ್ಕೆ ಬರಬಹುದು, ಚೆನ್ನಾಗಿ ಕ್ಲೀನ್ ಮಾಡಿಸಿ ಸರಿಯಾಗಿ ಉಜ್ಜಿಕೊಂಡರೆ ಸಾಕು. ಅದೇ ಉರಿಯೂತ ಒಳಗಿಳಿದು, ಹಲ್ಲಿನ ಬೇರನ್ನು ಹಿಡಿದಿರುವ ನಾರುಗಳನ್ನೂ ದವಡೆಯ ಮೂಳೆಯನ್ನೂ ತಿನ್ನಲು ಶುರು ಮಾಡಿದರೆ ಅದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ, ಅದೇ ದೊಡ್ಡ ತೊಂದರೆ. ಹುಳುಕು ಹಲ್ಲು ರಾತ್ರಿ ಎಬ್ಬಿಸಿ ಕೂರಿಸುತ್ತದೆ, ವಸಡಿನ ರೋಗ ಹಾಗೆ ಮಾಡುವುದಿಲ್ಲ.

ಒಳಗೆ ಎಷ್ಟು ಹಾಳಾಗಿದೆ ಅಂತ ಕನ್ನಡಿಯಲ್ಲಿ ನೋಡಿ ಹೇಳಲು ಬರುವುದಿಲ್ಲ. ಅಳೆಯಲೇಬೇಕು. ತುದಿ ಮೊಂಡಾದ, ಮಿಲಿಮೀಟರ್ ಗುರುತು ಹಾಕಿದ ತೆಳ್ಳನೆಯ ಕಡ್ಡಿಯೊಂದಿದೆ, ಹೆಸರು ಪ್ರೋಬ್. ಅದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೆ ಆರು ಕಡೆ: ಹೊರಗೆ ಮೂರು, ಒಳಗೆ ಮೂರು. ಡಾಕ್ಟರು ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ನಿಂತವರು ಬರೆದುಕೊಳ್ಳುತ್ತಾರೆ: "ಮೂರು, ಎರಡು, ಮೂರು. ಮೂರು, ಎರಡು, ಆರು." ಒಂದರಿಂದ ಮೂರು ಮಿ.ಮೀ. ಇದ್ದರೆ ಸರಿ. ನಾಲ್ಕು ಅಂದರೆ ಗಮನ ಕೊಡಬೇಕು. ಆರು, ಏಳು ಅಂದರೆ ಅಲ್ಲೊಂದು ಆಳದ ಜೇಬು, ಅಂದರೆ ಪಾಕೆಟ್ ಆಗಿದೆ, ಅದರ ತಳಕ್ಕೆ ನಿಮ್ಮ ಬ್ರಶ್ ಯಾವತ್ತೂ ಮುಟ್ಟುವುದಿಲ್ಲ ಅಂತ ಅರ್ಥ. ಸೇದುವವರಲ್ಲಿ ಒಂದು ವಿಚಿತ್ರ ಕಾಣಿಸುತ್ತದೆ. ಸೇದದವರ ಆರು ಮಿ.ಮೀ. ಪಾಕೆಟ್‌ನಿಂದ ಪ್ರೋಬ್ ಹೊರಗೆ ತೆಗೆದರೆ ಅದರ ಹಿಂದೆಯೇ ರಕ್ತ ಬರುವುದು ಸಾಮಾನ್ಯ. ದಿನಕ್ಕೊಂದು ಪ್ಯಾಕ್ ಸೇದುವವರ ಅಷ್ಟೇ ಆಳದ ಪಾಕೆಟ್‌ನಲ್ಲಿ ಎಷ್ಟೋ ಸಲ ಒಂದು ಚುಕ್ಕೆ ಮಾತ್ರ ಕಾಣಿಸುತ್ತದೆ, ಕೆಲವೊಮ್ಮೆ ಅದೂ ಇಲ್ಲ. ವಸಡು ತಿಳಿ ಗುಲಾಬಿ ಬಣ್ಣಕ್ಕಿದ್ದು, ಅಂಚು ದಪ್ಪಗೆ ಗಟ್ಟಿಯಾಗಿರುತ್ತದೆ. ನೋಡಿದವರು ಚೆನ್ನಾಗಿಯೇ ಇದೆಯಲ್ಲ ಅನ್ನಬೇಕು, ಹಾಗಿರುತ್ತದೆ. ಎಕ್ಸ್‌ರೇ ತೆಗೆದರೆ ಮೂಳೆ ಬೇರಿನ ಅರ್ಧಕ್ಕೆ ಇಳಿದಿರುತ್ತದೆ.

ಹೀಗಾಗಲು ಒಂದು ಕಾರಣ ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ವರ್ಷಗಟ್ಟಲೆ ಸೇದಿದರೆ ವಸಡಿನ ಊತಕ್ಕೆ ತಕ್ಕ ಹಾಗೆ ಹೊಸ ಸಣ್ಣ ನಾಳಗಳು ಬೆಳೆಯುವುದೂ ಕಡಿಮೆಯಾಗುತ್ತದೆ. ರಕ್ತದ ಓಡಾಟ ಕಡಿಮೆ, ಹಾಗಾಗಿ ಕೆಂಪು ಕಡಿಮೆ, ಸೋರುವುದೂ ಕಡಿಮೆ. ಇದನ್ನು ಕೇಳಿ "ಒಳ್ಳೇದೇ ಆಯ್ತಲ್ಲ, ಉರಿಯೂತ ಕಡಿಮೆ ಆಯ್ತು" ಅನ್ನುವವರಿದ್ದಾರೆ. ಹಾಗಲ್ಲ. ಕಡಿಮೆಯಾಗಿರುವುದು ದೇಹದ ಕಾವಲು, ರೋಗ ಅಲ್ಲ. ಬ್ಯಾಕ್ಟೀರಿಯಾ ಅಲ್ಲೇ ಇವೆ, ಇನ್ನೂ ಆರಾಮಾಗಿವೆ.

ಈಗ ಚಿಕಿತ್ಸೆಗೆ ಬರೋಣ. ಇಲ್ಲೊಂದು ತಪ್ಪು ತಿಳಿವಳಿಕೆ ತುಂಬಾ ಜನಕ್ಕಿದೆ. ವಸಡಿನ ರೋಗವನ್ನು ಡಾಕ್ಟರು ವಾಸಿ ಮಾಡುತ್ತಾರೆ ಅಂದುಕೊಂಡಿರುತ್ತೇವೆ. ನಿಜ ಏನೆಂದರೆ ಡಾಕ್ಟರು ಜಾಗ ಶುದ್ಧ ಮಾಡಿಕೊಡುತ್ತಾರೆ ಅಷ್ಟೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲೆ ಕೂತಿರುವ ಗಾರೆಯನ್ನು ಅಲ್ಟ್ರಾಸಾನಿಕ್ ತುದಿಯಿಂದ, ಆಮೇಲೆ ಕೈ ಉಪಕರಣದಿಂದ ಕೆರೆದು ತೆಗೆಯುತ್ತಾರೆ. ಇದೇ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್, ರೂಢಿಯ ಮಾತಿನಲ್ಲಿ ಡೀಪ್ ಕ್ಲೀನಿಂಗ್. ಒಂದೆರಡು ಗಂಟೆಯ ಕೆಲಸ, ಅಥವಾ ಎರಡು ಮೂರು ಸಿಟ್ಟಿಂಗ್. ಆಮೇಲಿನ ಎರಡು ಮೂರು ತಿಂಗಳ ಕೆಲಸ ಪೂರ್ತಿ ನಿಮ್ಮ ದೇಹದ್ದು. ಹೊಲ ಹಸನು ಮಾಡಿಕೊಡಬಹುದು, ನೀರು ಹರಿಯದಿದ್ದರೆ ಪೈರು ಏಳುವುದಿಲ್ಲ. ಇಲ್ಲಿ ನೀರು ಅಂದರೆ ರಕ್ತ.

ಆ ಎರಡು ಮೂರು ತಿಂಗಳಲ್ಲಿ ಒಳಗೆ ಏನೇನು ನಡೆಯಬೇಕು, ಹೊಗೆ ಎಲ್ಲೆಲ್ಲಿ ಅಡ್ಡ ಬರುತ್ತದೆ ಅನ್ನುವುದನ್ನು ನಿಧಾನವಾಗಿ ನೋಡಬೇಕು. ಇಡೀ ವಿಷಯದ ಜೀವಾಳ ಇದೇ.

ಕೆರೆದ ಮೇಲೆ ಪಾಕೆಟ್ ಒಳಗೊಂದು ಹಸಿ ಗಾಯ ಉಳಿಯುತ್ತದೆ. ಅಲ್ಲಿಗೆ ಮೊದಲು ಬರಬೇಕಾದವು ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್ ಅನ್ನುವವು. ಉಳಿದ ಬ್ಯಾಕ್ಟೀರಿಯಾಗಳನ್ನು ಹುಡುಕಿ ನುಂಗಿ ಮುಗಿಸುವುದು ಅವುಗಳ ಕೆಲಸ. ಸೇದುವವರಲ್ಲಿ ಈ ಕಣಗಳ ಸಂಖ್ಯೆ ಕಡಿಮೆ ಅಂತೇನಲ್ಲ, ರಕ್ತ ಪರೀಕ್ಷೆಯಲ್ಲಿ ಜಾಸ್ತಿಯೇ ಕಾಣಬಹುದು. ಆದರೆ ಸೋಂಕಿನ ಕಡೆಗೆ ನೇರವಾಗಿ ಸರಿದು ಹೋಗುವ ಶಕ್ತಿ, ನುಂಗುವ ಶಕ್ತಿ, ಎರಡೂ ಕುಗ್ಗಿರುತ್ತದೆ. ಅಷ್ಟೇ ಅಲ್ಲ, ಬ್ಯಾಕ್ಟೀರಿಯಾ ಕೊಲ್ಲಲು ಇಟ್ಟುಕೊಂಡಿರುವ ಕಿಣ್ವಗಳನ್ನು ಅವು ಎಲ್ಲೆಂದರಲ್ಲಿ ಸುರಿದು ನಮ್ಮದೇ ವಸಡಿನ ನಾರನ್ನು ಕರಗಿಸುತ್ತವೆ. ಕಾಯಬೇಕಾದ ಕಡೆ ಸೋಮಾರಿ, ಕಾಯಬಾರದ ಕಡೆ ಹಾವಳಿ.

ಎರಡನೆಯದು ಗಾಳಿಯ ವಿಷಯ. ವಸಡಿನ ರೋಗ ತರುವ ಮುಖ್ಯ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಅಂದರೆ ಆಗುವುದಿಲ್ಲ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಅನ್ನುವುದು ಅವುಗಳಲ್ಲಿ ತುಂಬಾ ಕುಖ್ಯಾತ. ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿಯುತ್ತದೆ, ನಿಕೋಟಿನ್ ನಾಳ ಬಿಗಿಯುತ್ತದೆ. ಎರಡೂ ಸೇರಿ ಪಾಕೆಟ್ ತಳದಲ್ಲಿ ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ. ನೀವು ದುಡ್ಡು ಕೊಟ್ಟು ಓಡಿಸಿದ ಬ್ಯಾಕ್ಟೀರಿಯಾಗಳಿಗೆ ವಾಪಸ್ ಬಂದು ಸಂಸಾರ ಹೂಡಲು ಇದಕ್ಕಿಂತ ಅನುಕೂಲ ಬೇಕಾ?

ಮೂರನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಸಡು ಮತ್ತೆ ಬೇರಿಗೆ ಅಂಟಿಕೊಳ್ಳಬೇಕಾದರೆ ಫೈಬ್ರೋಬ್ಲಾಸ್ಟ್ ಅನ್ನುವ ಜೀವಕೋಶಗಳು ಬೇರಿನ ಮೇಲೆ ಹತ್ತಿ ಕೂರಬೇಕು, ಕೊಲಾಜನ್ ನಾರು ನೇಯಬೇಕು. ಸೇದುವವರಿಂದ ಕಿತ್ತ ಹಲ್ಲುಗಳ ಬೇರನ್ನು ಪರೀಕ್ಷಿಸಿದಾಗ ಅದರ ಮೇಲೆ ನಿಕೋಟಿನ್ ಅಂಟಿರುವುದು ಸಿಕ್ಕಿದೆ. ಪ್ರಯೋಗಾಲಯದಲ್ಲಿ ಈ ಜೀವಕೋಶಗಳಿಗೆ ನಿಕೋಟಿನ್ ಬೆರೆಸಿದರೆ ಅವು ಸರಿಯಾಗಿ ಅಂಟುವುದಿಲ್ಲ, ಆಕಾರವೇ ಬದಲಾಗುತ್ತದೆ, ಕೊಲಾಜನ್ ಮಾಡುವುದು ಕಡಿಮೆಯಾಗುತ್ತದೆ, ಇದ್ದ ಕೊಲಾಜನ್ ಒಡೆಯುವ ಕಿಣ್ವ ಹೆಚ್ಚಾಗುತ್ತದೆ. ಡೀಪ್ ಕ್ಲೀನಿಂಗ್‌ನಲ್ಲಿ ಬೇರಿನ ಮೇಲಿನ ಆ ನಿಕೋಟಿನ್ ಬಹುಪಾಲು ಹೋಗುತ್ತದೆ. ಕ್ಲಿನಿಕ್ಕಿನ ಮೆಟ್ಟಿಲಿಳಿದು ಪಕ್ಕದ ಗೂಡಂಗಡಿಯಲ್ಲಿ ಒಂದು ಹಚ್ಚಿದರೆ ಮತ್ತೆ ಬಂದು ಕೂರಲು ಶುರು.

ಮೂಳೆಯ ಕಥೆಯೂ ಹಾಗೇ. ಮೂಳೆ ಕಟ್ಟುವ ಜೀವಕೋಶಗಳ ಕೆಲಸ ನಿಧಾನವಾಗುತ್ತದೆ, ಕರಗಿಸುವವುಗಳ ಕೈ ಮೇಲಾಗುತ್ತದೆ.

ಇದೆಲ್ಲ ಸೇರಿ ಕೊನೆಗೆ ಎಷ್ಟು ವ್ಯತ್ಯಾಸವಾಗುತ್ತದೆ? ಲೆಕ್ಕ ನೋಡಿದರೆ ಮೊದಲು ಚಿಕ್ಕದು ಅನ್ನಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಡೀಪ್ ಕ್ಲೀನಿಂಗ್ ಆದ ಮೇಲೆ 5 ಮಿ.ಮೀ. ಮತ್ತು ಅದಕ್ಕಿಂತ ಆಳದ ಪಾಕೆಟ್‌ಗಳು ಸೇದುವವರಲ್ಲಿ ಸೇದದವರಿಗಿಂತ ಸರಾಸರಿ 0.4 ಮಿ.ಮೀ.ನಷ್ಟು ಕಡಿಮೆ ಇಳಿಯುತ್ತವೆ. ಅರ್ಧ ಮಿಲಿಮೀಟರೂ ಇಲ್ಲ, ಅದಕ್ಕೆ ಇಷ್ಟೆಲ್ಲಾ ಮಾತಾ ಅನ್ನಬೇಡಿ. ನಾಲ್ಕರಿಂದ ಆರು ಮಿ.ಮೀ. ಪಾಕೆಟ್ ಒಂದು ಡೀಪ್ ಕ್ಲೀನಿಂಗ್‌ನಲ್ಲಿ ಒಟ್ಟು ಇಳಿಯುವುದೇ ಸುಮಾರು 1 ಮಿ.ಮೀ. ಆ ಒಂದರಲ್ಲಿ 0.4 ಹೋದರೆ ಉಳಿದದ್ದೆಷ್ಟು? ಐದಿದ್ದ ಪಾಕೆಟ್ ನಾಲ್ಕಕ್ಕೆ ಬಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ನಾಲ್ಕೂವರೆಯ ಹತ್ತಿರವೇ ನಿಂತರೆ ಮತ್ತೆ ಕೆರೆಯಬೇಕು, ಅಥವಾ ಸರ್ಜರಿಯ ಮಾತು ಬರುತ್ತದೆ. ಅದೂ ಬಾಯಲ್ಲಿರುವ ಒಂದು ಪಾಕೆಟ್ ಅಲ್ಲ, ಇಪ್ಪತ್ತು ಮೂವತ್ತು ಕಡೆ ಇದೇ ಲೆಕ್ಕ.

ಡೀಪ್ ಕ್ಲೀನಿಂಗ್ ಮಾಡಿಸಿದ್ದಕ್ಕೇ ಹಲ್ಲು ಸಡಿಲ ಆಯ್ತು ಅನ್ನುವ ದೂರನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಸೇದುವವರಿಂದಲೇ ಇದು ಜಾಸ್ತಿ ಬರುತ್ತದೆ. ಅವರು ಬರುವುದೇ ತಡವಾಗಿ. ಅಷ್ಟರಲ್ಲಿ ಮೂಳೆ ಹೋಗಿರುತ್ತದೆ, ಹಲ್ಲುಗಳ ಸಂದಿಯಲ್ಲಿ ಗಾರೆ ತುಂಬಿ ಅವನ್ನು ಒಂದಕ್ಕೊಂದು ಅಂಟಿಸಿ ಇಟ್ಟಿರುತ್ತದೆ. ಗಾರೆ ತೆಗೆದ ಕೂಡಲೇ ಆ ಸಡಿಲ ಗೊತ್ತಾಗುತ್ತದೆ, ಸಂದಿ ಕಾಣಿಸುತ್ತದೆ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆ. ಸಡಿಲ ಮೊದಲೇ ಇತ್ತು, ಗಾರೆ ಅದನ್ನು ಮುಚ್ಚಿಟ್ಟಿತ್ತು. ಕೆಲವು ವಾರಗಳಲ್ಲಿ ವಸಡು ಬಿಗಿಯಾದ ಹಾಗೆ ಆ ಅಲ್ಲಾಟ ಸ್ವಲ್ಪ ಕಡಿಮೆಯಾಗಬೇಕು. ಸೇದುತ್ತಲೇ ಇದ್ದರೆ ಆ ಬಿಗಿ ಬರುವುದೂ ನಿಧಾನ, ಆಗ ಎಲ್ಲಾ ತಪ್ಪು ಕ್ಲೀನಿಂಗ್ ಮೇಲೆ.

ಸರ್ಜರಿ ಮಾಡಿಸಿದರೆ ಸರಿಹೋಗುತ್ತದಾ? ವಸಡನ್ನು ಬಿಡಿಸಿ ಒಳಗಿನಿಂದ ಕ್ಲೀನ್ ಮಾಡುವ ಫ್ಲಾಪ್ ಸರ್ಜರಿಯಲ್ಲೂ ಸೇದುವವರಿಗೆ ಸಿಗುವ ಫಲ ಕಡಿಮೆಯೇ. ಮೂಳೆ ಹೋದ ಗುಂಡಿಗೆ ಬೋನ್ ಗ್ರಾಫ್ಟ್ ತುಂಬಿ ಪೊರೆ ಹೊದಿಸುವ ಚಿಕಿತ್ಸೆಯಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಅದು ನಿಂತಿರುವುದೇ ಹೊಸ ರಕ್ತನಾಳ ಬೆಳೆಯುವುದರ ಮೇಲೆ. ಇಳಿದುಹೋದ ವಸಡನ್ನು ಮೇಲಕ್ಕೆ ತರುವ ಸರ್ಜರಿಯಲ್ಲೂ ಬೇರು ಪೂರ್ತಿ ಮುಚ್ಚುವುದು ಸೇದುವವರಲ್ಲಿ ಕಡಿಮೆ. ಇದಕ್ಕಾಗಿ ಎಷ್ಟೋ ಡಾಕ್ಟರು ಸೇದುವುದನ್ನು ಬಿಡುವವರೆಗೆ ಇಂಥ ಸರ್ಜರಿಯನ್ನು ಮುಂದೆ ಹಾಕುತ್ತಾರೆ. ಅದು ಶಿಕ್ಷೆ ಅಲ್ಲ. ಸಾವಿರಾರು ರೂಪಾಯಿ ಸುರಿದು ಕೈ ಸುಟ್ಟುಕೊಳ್ಳಬೇಡಿ ಅಂತ ಹೇಳುವ ರೀತಿ ಅದು.

"ಹಲ್ಲು ಹೋದರೆ ಹೋಗಲಿ, ಇಂಪ್ಲಾಂಟ್ ಹಾಕಿಸಿದರಾಯ್ತು" ಅನ್ನುವವರಿಗೂ ಒಂದು ಮಾತು. ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು, ಅದೂ ನಿಲ್ಲುವುದು ಅದೇ ಮೂಳೆಯಲ್ಲಿ, ಅದೇ ವಸಡಿನಲ್ಲಿ. ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು.

ಆಂಟಿಬಯೋಟಿಕ್ ಮಾತ್ರೆ ಕೇಳುವವರೂ ಬಹಳ. ಪ್ಲಾಕ್ ಒಂದು ಅಂಟಿನ ಗೂಡು. ಅದನ್ನು ಕೆರೆದು ಒಡೆಯದೆ ಮಾತ್ರೆ ಒಂದೇ ನುಂಗಿದರೆ ಒಳಗಿನ ಬ್ಯಾಕ್ಟೀರಿಯಾಗೆ ಅದು ಸರಿಯಾಗಿ ತಲುಪುವುದೇ ಇಲ್ಲ. ಬಿಳಿ ರಕ್ತಕಣಗಳ ಸಹಾಯ ಇಲ್ಲದಿದ್ದರೆ ಮಾತ್ರೆಯ ಕೆಲಸವೂ ತಾತ್ಕಾಲಿಕ.

ಎಷ್ಟು ಸೇದಿದರೆ ಎಷ್ಟು ಅಪಾಯ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ 1988ರಿಂದ 1994ರವರೆಗೆ ದೇಶದುದ್ದಕ್ಕೂ ನಡೆದ ಆರೋಗ್ಯ ಸಮೀಕ್ಷೆಯ ಅಂಕಿಅಂಶವನ್ನು ಆಧರಿಸಿ 2000ದಲ್ಲಿ ಒಂದು ವಿಶ್ಲೇಷಣೆ ಬಂತು. ಸೇದುವವರಿಗೆ ಪೆರಿಯೊಡಾಂಟೈಟಿಸ್ ಇರುವ ಸಾಧ್ಯತೆ ಯಾವತ್ತೂ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಅಂತ ಅದರಲ್ಲಿ ಕಂಡಿತು. ದಿನಕ್ಕೆ 9 ಅಥವಾ ಅದಕ್ಕಿಂತ ಕಡಿಮೆ ಸೇದುವವರಲ್ಲಿ ಸುಮಾರು 2.8 ಪಟ್ಟು, 31 ಅಥವಾ ಅದಕ್ಕಿಂತ ಹೆಚ್ಚು ಸೇದುವವರಲ್ಲಿ ಸುಮಾರು 5.9 ಪಟ್ಟು. "ನಾನು ದಿನಕ್ಕೆ ಐದೇ ಸೇದೋದು" ಅನ್ನುವವರು ಆ ಮೊದಲ ಸಂಖ್ಯೆಯನ್ನು ಇನ್ನೊಮ್ಮೆ ನೋಡಬೇಕು. ಐದು ಕೂಡ ಸುಮ್ನೆ ಕೂರುವುದಿಲ್ಲ. ಇದೇ ವಿಶ್ಲೇಷಣೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಬಿಟ್ಟವರ ಕಥೆ. ಬಿಟ್ಟು ಹನ್ನೊಂದು ವರ್ಷ ಆದವರ ಅಪಾಯ ಯಾವತ್ತೂ ಸೇದದವರ ಹತ್ತಿರಕ್ಕೇ ಬಂದುಬಿಟ್ಟಿತ್ತು.

ವಸಡಿನ ತಜ್ಞರು ಈಗ ರೋಗವನ್ನು ವಿಂಗಡಿಸುವ ಪದ್ಧತಿಯಲ್ಲೇ ಸಿಗರೇಟನ್ನು ಸೇರಿಸಿಬಿಟ್ಟಿದ್ದಾರೆ. ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಘಗಳು 2017ರಲ್ಲಿ ಕೂತು ಚರ್ಚಿಸಿ 2018ರಲ್ಲಿ ಹೊರತಂದ ಪದ್ಧತಿ ಅದು. ರೋಗ ಮುಂದೆ ಎಷ್ಟು ವೇಗವಾಗಿ ಓಡಬಹುದು ಅನ್ನುವುದಕ್ಕೆ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತಾರೆ, ಎ ಅಂದರೆ ನಿಧಾನ, ಸಿ ಅಂದರೆ ಅತಿ ವೇಗ. ದಿನಕ್ಕೆ ಹತ್ತಕ್ಕಿಂತ ಕಡಿಮೆ ಸೇದಿದರೆ ಕನಿಷ್ಠ ಬಿ. ಹತ್ತು ಅಥವಾ ಜಾಸ್ತಿ ಸೇದಿದರೆ ಸಿ. ಸಕ್ಕರೆ ಕಾಯಿಲೆಗೂ ಇದೇ ಥರ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಿ. ಶುಗರ್ರೂ ಇದೆ, ಸೇದುವುದೂ ಇದೆ ಅಂದರೆ ವಸಡಿಗೆ ಎರಡೂ ಕಡೆಯಿಂದ ಪೆಟ್ಟು.

ನಮ್ಮ ಕಡೆಗೆ ಬಂದರೆ ಬೀಡಿಯ ಮಾತು ಆಡಲೇಬೇಕು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8% ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ, ಅದರಲ್ಲಿ ಸೇದುವವರು ವಯಸ್ಕರ 8.8%. ಬೀಡಿಯಲ್ಲಿ ಕಾಗದ ಇಲ್ಲ, ಕೆಮಿಕಲ್ ಇಲ್ಲ, ಎಲೆ ತಾನೇ, ಏನಾಗುತ್ತೆ ಅಂತ ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳುತ್ತಾರೆ. ಆಗುವುದು ಹೀಗೆ. ಬೀಡಿ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಅದು ಬೇಗ ಆರಿಹೋಗುತ್ತದೆ. ಆರಬಾರದು ಅಂದರೆ ಮೇಲಿಂದ ಮೇಲೆ, ಜೋರಾಗಿ ಎಳೆಯುತ್ತಿರಬೇಕು. ಒಳಗಿರುವ ತಂಬಾಕು ಸಿಗರೇಟಿಗಿಂತ ಕಡಿಮೆ, ಆದರೂ ಒಳಗೆ ಹೋಗುವ ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆ ಏನಿಲ್ಲ, ಜಾಸ್ತಿಯೇ ಇರಬಹುದು. ವಸಡಿನ ರಕ್ತನಾಳಕ್ಕೆ ಅದು ಕಾಗದದ್ದೋ ಎಲೆಯದೋ ಗೊತ್ತಾಗುವುದಿಲ್ಲ. ಫಿಲ್ಟರ್ ಸಿಗರೇಟು, ಲೈಟ್ ಸಿಗರೇಟು, ಹುಕ್ಕಾ ಎಲ್ಲಕ್ಕೂ ಇದೇ ಮಾತು. ವೇಪ್ ಅಂದರೆ ಇ-ಸಿಗರೇಟನ್ನು 2019ರಿಂದ ನಮ್ಮ ದೇಶದಲ್ಲಿ ತಯಾರಿಸುವುದು, ಮಾರುವುದು ಎರಡೂ ನಿಷೇಧ. ಕದ್ದು ತಂದವರ ವಸಡಿಗೂ ಅದರಲ್ಲಿರುವ ನಿಕೋಟಿನ್ ನಿಕೋಟಿನ್ನೇ. ಜಗಿಯುವ ತಂಬಾಕು ಬೇರೆ ರೀತಿ ಹಾಳು ಮಾಡುತ್ತದೆ: ಒತ್ತಿ ಇಟ್ಟುಕೊಳ್ಳುವ ಜಾಗದಲ್ಲೇ ವಸಡು ಇಳಿದು ಬೇರು ಕಾಣುತ್ತದೆ, ಬಿಳಿ ಕಲೆ ಬೀಳುತ್ತದೆ, ಕ್ಯಾನ್ಸರ್ ಭಯ ಬೇರೆ. ಸಿಗರೇಟು ಬಿಡಲು ಅದನ್ನು ಹಿಡಿಯುವುದು ಯಾವ ಲೆಕ್ಕದಲ್ಲೂ ಬಿಟ್ಟ ಹಾಗಲ್ಲ.

ಹಲ್ಲಿನ ಮೇಲಿನ ಕಂದು ಕರೆ ತೆಗೆಯಲು ಒರಟು ಪುಡಿ, ಇದ್ದಿಲು ಹಾಕಿ ಉಜ್ಜುವವರಿದ್ದಾರೆ. ಅದರಿಂದ ಹಲ್ಲು ಸವೆಯುತ್ತದೆ. ಪಾಕೆಟ್ ಒಳಗೆ ಏನೂ ಆಗುವುದಿಲ್ಲ. ವಾಸನೆಗೆ ಅಂತ ಮೌತ್‌ವಾಶ್ ಹಾಕಿಕೊಂಡರೂ ಅಷ್ಟೇ, ಮೇಲಿನ ವಾಸನೆ ಸ್ವಲ್ಪ ಹೊತ್ತು ಹೋಗುತ್ತದೆ.

ಹಾಗಾದರೆ ಬಿಟ್ಟರೆ ಏನಾಗುತ್ತದೆ? ಇಲ್ಲಿ ಒಳ್ಳೆ ಸುದ್ದಿ ಇದೆ, ಅದೂ ಅಂದುಕೊಂಡದ್ದಕ್ಕಿಂತ ಬೇಗ. ಜಪಾನಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಸೇದುವುದನ್ನು ನಿಲ್ಲಿಸಿದವರ ವಸಡಿನ ರಕ್ತದ ಓಡಾಟ ಮೂರನೇ ದಿನಕ್ಕೇ ಹೆಚ್ಚಾಗಿತ್ತು. ಐದನೇ ದಿನಕ್ಕೆ ವಸಡಿನ ಸಂದಿಯಲ್ಲಿ ಒಸರುವ ದ್ರವವೂ ಹೆಚ್ಚಿತ್ತು. ಹೌದು, ಮೂರೇ ದಿನ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಸಡಿನ ಚಿಕಿತ್ಸೆಯ ಜೊತೆಗೇ ಸೇದುವುದನ್ನು ಬಿಡಿಸುವ ಸಲಹೆಯನ್ನೂ ಕೊಟ್ಟು ಒಂದು ವರ್ಷ ನೋಡಿದರು. ಪೂರ್ತಿ ಬಿಟ್ಟವರ ಪಾಕೆಟ್‌ಗಳು, ಬಿಡದವರಿಗಿಂತ ಮತ್ತು ಬಿಟ್ಟು ಹಿಡಿದು ಮಾಡಿದವರಿಗಿಂತ ಚೆನ್ನಾಗಿ ಇಳಿದವು. ಅದೇ ಡಾಕ್ಟರು, ಅದೇ ಉಪಕರಣ, ಅದೇ ಕ್ಲೀನಿಂಗ್.

ಇದರ ಜೊತೆಗೇ ಬರುವ ಒಂದು ಎಡವಟ್ಟನ್ನು ಮೊದಲೇ ತಿಳಿದಿರಬೇಕು. ಸಿಗರೇಟು ಬಿಟ್ಟ ಕೆಲವು ವಾರಗಳಲ್ಲಿ ವಸಡಿನಿಂದ ರಕ್ತ ಬರಲು ಶುರುವಾಗಬಹುದು. ಇಷ್ಟು ವರ್ಷ ಬರದ ರಕ್ತ ಈಗ ಬಂತಲ್ಲ, ಸೇದುವಾಗಲೇ ಚೆನ್ನಾಗಿತ್ತು ಅಂತ ಮತ್ತೆ ಹಿಡಿದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ ಅದನ್ನು ಕೇಳಿದಾಗ. ಅದು ಕೆಟ್ಟ ಲಕ್ಷಣ ಅಲ್ಲ. ರಕ್ತನಾಳಗಳು ಬಿಚ್ಚಿಕೊಂಡು, ಇಷ್ಟು ದಿನ ಮುಚ್ಚಿಹೋಗಿದ್ದ ಉರಿಯೂತ ಈಗ ಕಣ್ಣಿಗೆ ಕಾಣುತ್ತಿದೆ ಅಷ್ಟೇ. ಆ ಸಮಯದಲ್ಲಿ ಬ್ರಶ್ ನಿಲ್ಲಿಸಬಾರದು, ಮೆತ್ತನೆ ಬ್ರಶ್‌ನಲ್ಲಿ ಇನ್ನೂ ಸರಿಯಾಗಿ ಉಜ್ಜಬೇಕು, ಡಾಕ್ಟರಿಗೆ ತೋರಿಸಬೇಕು. ಪ್ಲಾಕ್ ಮತ್ತು ಗಾರೆ ಹೋದ ಮೇಲೆ ಆ ರಕ್ತವೂ ನಿಲ್ಲುತ್ತದೆ, ಈ ಸಲ ಸರಿಯಾದ ಕಾರಣಕ್ಕೆ.

ಬಿಡುವುದು ಹೇಗೆ ಅನ್ನುವುದು ಹೇಳಿದಷ್ಟು ಸುಲಭ ಅಲ್ಲ. ಸೇದುವವರಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ, ಸಹಾಯ ಮಾಡುವವರು ಕಡಿಮೆ. ಮನಸ್ಸು ಗಟ್ಟಿ ಮಾಡಿಕೋ ಅನ್ನುವುದು ಸಹಾಯ ಅಲ್ಲ, ನಿಕೋಟಿನ್ ಒಂದು ಚಟ, ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದು ಬೇಕೇ ಬೇಕು ಅನ್ನುವವರಿಗೆ ಚಟ ಬಲವಾಗಿ ಕೂತಿದೆ ಅಂತ ಲೆಕ್ಕ, ಅವರಿಗೆ ಔಷಧಿಯ ಆಸರೆ ಇದ್ದರೆ ಒಳ್ಳೆಯದು. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರಬಾರದು. ನಿಧಾನಕ್ಕೆ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ ಪಕ್ಕಕ್ಕೆ ಸರಿಸಿ ಇಟ್ಟುಕೊಳ್ಳಬೇಕು, ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಕಾಲು ಗಂಟೆ ಬಿಡಿ. ಹಲ್ಲು ಅಲ್ಲಾಡುತ್ತಿದ್ದರೆ ಜಗಿಯುವುದೇ ಕಷ್ಟ, ಆಗ ಚರ್ಮಕ್ಕೆ ಅಂಟಿಸುವ ಪ್ಯಾಚ್ ವಾಸಿ. ಗಮ್‌ನಲ್ಲೂ ನಿಕೋಟಿನ್ ಇದೆಯಲ್ಲ ಅಂತ ಕೇಳುತ್ತೀರಿ, ಕೇಳಬೇಕಾದ ಪ್ರಶ್ನೆಯೇ. ಅದರಲ್ಲಿ ಹೊಗೆ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಟಾರ್ ಇಲ್ಲ. ಕೆಲವು ತಿಂಗಳು ಹಂತಹಂತವಾಗಿ ಕಡಿಮೆ ಮಾಡುತ್ತಾ ಬಿಡುವ ದಾರಿ ಅದು. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ಸಿಗರೇಟು ಪ್ಯಾಕಿನ ಮೇಲೆ ಆ ಭಯಾನಕ ಚಿತ್ರದ ಕೆಳಗೆ ಒಂದು ನಂಬರ್ ಇರುತ್ತದೆ, 1800-11-2356. ಅದು ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಒಂದು ದಿನ ನಿಗದಿ ಮಾಡಿ, ಆಮೇಲೆ ಅವರೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಾರೆ. ಎಷ್ಟೋ ಡೆಂಟಲ್ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರವೂ ಇದೆ. ವಸಡಿನ ಚಿಕಿತ್ಸೆಗೆ ಅಂತ ಹೋದಾಗ ಅಲ್ಲೇ ಕೇಳಬಹುದು.

ಸಮಯದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಚಿಕಿತ್ಸೆ ಮುಗಿದ ಮೇಲೆ ಬಿಡುತ್ತೇನೆ ಅನ್ನಬೇಡಿ. ಡೀಪ್ ಕ್ಲೀನಿಂಗ್‌ಗೆ ಒಂದು ವಾರ ಮುಂಚೆ ನಿಲ್ಲಿಸಿ, ಕ್ಲೀನಿಂಗ್ ಆದ ಮೇಲಿನ ಎರಡು ತಿಂಗಳು ಹೇಗಾದರೂ ಮಾಡಿ ದೂರ ಇರಿ. ಇಂಪ್ಲಾಂಟ್ ಹಾಕುವವರು ಬಹಳ ಹಿಂದಿನಿಂದ ಹೇಳುತ್ತಾ ಬಂದಿರುವುದೂ ಇದೇ ಥರ: ಮುಂಚೆ ಒಂದು ವಾರ, ಆಮೇಲೆ ಎಂಟು ವಾರ. ಆ ಎರಡು ತಿಂಗಳು ದಾಟಿದವರಿಗೆ ಮೂರನೇ ತಿಂಗಳು ಅಷ್ಟು ಕಷ್ಟ ಆಗುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ಬಿಡಲು ಆಗಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಚಿಕಿತ್ಸೆಯೇ ಬೇಡವಾ? ಖಂಡಿತ ಬೇಕು. ಫಲ ಕಡಿಮೆ ಅಂದರೆ ಶೂನ್ಯ ಅಂತಲ್ಲ. ಸೇದುತ್ತಿದ್ದರೂ ಡೀಪ್ ಕ್ಲೀನಿಂಗ್ ಮಾಡಿಸಿಕೊಂಡವರ ಹಲ್ಲು ಮಾಡಿಸದವರಿಗಿಂತ ಜಾಸ್ತಿ ದಿನ ಉಳಿಯುತ್ತದೆ. ಆದರೆ ಆರು ತಿಂಗಳಿಗೊಮ್ಮೆ ಅಂತ ಕಾಯಬಾರದು, ಮೂರು ತಿಂಗಳಿಗೊಮ್ಮೆ ಹೋಗಿ ಅಳೆಸಿ ಕ್ಲೀನ್ ಮಾಡಿಸಬೇಕು. ಸಂದಿಗೆ ಬ್ರಶ್ ಹೋಗುವುದಿಲ್ಲ, ಅದಕ್ಕೆ ಇಂಟರ್‌ಡೆಂಟಲ್ ಬ್ರಶ್ ಅಂತ ಪುಟ್ಟ ಬಾಟಲ್ ಬ್ರಶ್ ಥರದ್ದು ಸಿಗುತ್ತದೆ. ನಿಮ್ಮ ಸಂದಿಗೆ ಯಾವ ಅಳತೆ ಸರಿ ಅಂತ ಡಾಕ್ಟರೇ ತೋರಿಸಿಕೊಡುತ್ತಾರೆ. ದಿನಾ ರಾತ್ರಿ ಒಂದು ಸಲ. ಮೇಲಿನ ಮುಂದಿನ ಹಲ್ಲುಗಳ ಒಳಬದಿ, ಅಂಗುಳಿನ ಕಡೆ, ಜಾಸ್ತಿ ನಿಗಾ ಇರಲಿ. ಸೇದುವವರಲ್ಲಿ ಅಲ್ಲೇ ಪಾಕೆಟ್ ಹೆಚ್ಚು ಕಾಣುವುದು.

ಡಾಕ್ಟರಿಗೆ ಸುಳ್ಳು ಹೇಳಬೇಡಿ. ಹೆಂಡತಿ ಪಕ್ಕದಲ್ಲಿ ಕೂತಿದ್ದಾರೆ ಅಂತ "ಅಪರೂಪಕ್ಕೆ ಒಂದು" ಅನ್ನುತ್ತೀರಿ, ಡಾಕ್ಟರು ಅದನ್ನೇ ನಂಬಿ ಗ್ರೇಡ್ ಹಾಕುತ್ತಾರೆ, ಗ್ರಾಫ್ಟ್ ಸರ್ಜರಿ ಬರೆಯುತ್ತಾರೆ. ದುಡ್ಡು ನಿಮ್ಮದು, ಮೂಳೆಯೂ ನಿಮ್ಮದು. ಬೇಕಾದರೆ ಪಕ್ಕದವರನ್ನು ಐದು ನಿಮಿಷ ಹೊರಗೆ ಕೂರಿಸಿ ಹೇಳಿ.

ಮುಂದಿನ ಸಲ ಹೋದಾಗ ಪಾಕೆಟ್ ಅಳತೆಯ ಚಾರ್ಟ್ ಕೇಳಿ ಪಡೆಯಿರಿ. ಕೊಡದಿದ್ದರೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ಸೇದುತ್ತಿದ್ದಿರಿ ಅನ್ನುವುದನ್ನು ಅದರ ಮೂಲೆಯಲ್ಲಿ ತಾರೀಖಿನ ಸಮೇತ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಅಳೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು, ಆರು ಇದ್ದ ಕಡೆ ಈಗ ಎಷ್ಟಿದೆ ಅಂತ ಒಂದೊಂದೇ ಹಲ್ಲು ಹಿಡಿದು ನೋಡಿ. ಸರ್ಜರಿ ಬೇಕೋ ಬೇಡವೋ ಅನ್ನುವುದನ್ನು ಆ ಎರಡು ಹಾಳೆ ಮುಂದಿಟ್ಟುಕೊಂಡು ಡಾಕ್ಟರ ಜೊತೆ ಮಾತಾಡಿ.